ಕೇಳಿ ಹೋದ ದಾರಿ

ವಿಂಟರ್‌ಕೋಟ್ ಊರಿನಲ್ಲಿ ಎನಿಡ್ ಗಾರ್‌ಸೈಡಳ ಬಾಯಿ ಮುಚ್ಚಿಸಲು ಮೂವತ್ತು ವರ್ಷದಲ್ಲಿ ಯಾರಿಂದಲೂ ಆಗಿರಲಿಲ್ಲ. ಪಾದ್ರಿಗಳು ಪ್ರಯತ್ನಿಸಿ ಸೋತಿದ್ದರು. ಗಂಡ ಲೆನರ್ಡ್ ಬದುಕಿದ್ದಷ್ಟು ದಿನ ಪ್ರಯತ್ನವನ್ನೇ ಮಾಡದೆ ಸುಖವಾಗಿದ್ದ. ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಇಗರ್ಜಿಯ ಗೇಟಿನ ಮುಂದೆ ನಿಂತು, ವಿಚಾರಣಾಧಿಕಾರಿ ಮಿಸೆಸ್ ಕ್ರೋಮ್ ಆ ಕೆಲಸವನ್ನು ನಾಲ್ಕು ಮಾತಿನಲ್ಲಿ ಮುಗಿಸಿದರು.

"ಈಗ ಎಲ್ಲರೂ ಸೇರಿ ದಾರಿ ನೋಡ್ಕೊಂಡು ಬರೋಣ. ಕೇಸಿನ ಬಗ್ಗೆ ಯಾರೂ ಒಂದಕ್ಷರ ಎತ್ತೋ ಹಾಗಿಲ್ಲ. ಹೇಳೋದೇನಿದ್ರೂ ಮಧ್ಯಾಹ್ನ ಹಾಲ್‌ನಲ್ಲಿ ಹೇಳಿ. ಹವಾ ಬಗ್ಗೆ ಬೇಕಾದ್ರೆ ಮಾತಾಡ್ಕೊಳ್ಳಿ."

ಉಳಿದವರಿಗೆ ಅಷ್ಟು ಸಾಕಾಗಿತ್ತು. ಹವಾ ಒಂದನ್ನೇ ಹಿಡಿದುಕೊಂಡು ತಿಂಗಳುಗಟ್ಟಲೆ ಮಾತಾಡಬಲ್ಲ ಜನ ಅವರು. ಎನಿಡಳ ಕಷ್ಟ ಬೇರೆ. ಪ್ರತಿ ಭಾನುವಾರ ಊರಿನವರನ್ನೂ, ಬಂದ ನೆಂಟರನ್ನೂ ಕಟ್ಟಿಕೊಂಡು ಇದೇ ದಾರಿಯಲ್ಲಿ ನಡೆದು, ಕಲ್ಲು ಕಲ್ಲಿಗೂ ನಿಂತು ಕಥೆ ಹೇಳುತ್ತಿದ್ದವಳು ಅವಳು. ಈಗ ಬಾಯಿಗೆ ಬೀಗ ಹಾಕಿಕೊಂಡು ಅದೇ ಕಲ್ಲುಗಳನ್ನು ದಾಟಬೇಕು.

ದಾರಿ ಇಗರ್ಜಿಯ ಹಿಂದಿನಿಂದ ಹೊರಟು, ಹಳ್ಳ ದಾಟಿ, ಪ್ಯಾಡ್ಮೋರ್ ಫಾರ್ಮಿನ ಅಂಗಳದ ಪಕ್ಕದಲ್ಲೇ ಹಾದು, ಹುಲ್ಲುಗಾವಲಿನ ಆಚೆ ಪಾಳುಬಿದ್ದ ಪುಟ್ಟ ಪ್ರಾರ್ಥನಾಲಯ, ಚಾಪೆಲ್ಲಿನವರೆಗೆ ಹೋಗುತ್ತದೆ. ಹಳೆಯ ರೈತ ಹೊರೇಸ್ ಪ್ಯಾಡ್ಮೋರ್ ತೀರಿಕೊಂಡು ನಾಲ್ಕು ವರ್ಷ. ಮೂರು ವರ್ಷ ಖಾಲಿ ಬಿದ್ದಿದ್ದ ಫಾರ್ಮನ್ನು ಡೆಂಜಿಲ್ ಅನ್ನುವವನು ಕೊಂಡು, ಹೋದ ಅಕ್ಟೋಬರಿನಲ್ಲಿ ಗೇಟಿಗೆ ಸರಪಳಿ ಸುತ್ತಿ, 'ಖಾಸಗಿ' ಎಂದು ಹಲಗೆ ಹೊಡೆಸಿದ. ಊರಿನವರು ಇದು ಸಾರ್ವಜನಿಕ ದಾರಿ ಎಂದು ಅರ್ಜಿ ಹಾಕಿದರು. ಅದರ ತೀರ್ಮಾನಕ್ಕೇ ಮಿಸೆಸ್ ಕ್ರೋಮ್ ಬಂದದ್ದು.

ಎನಿಡ್‌ಗೆ ಇದು ಬರೀ ದಾರಿಯಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಲೆನರ್ಡನ ಬೂದಿಯನ್ನು ಅವಳು ಆ ಚಾಪೆಲ್ಲಿನ ಪಕ್ಕದ ಒರತೆಯ ಹತ್ತಿರ ಚೆಲ್ಲಿದ್ದಳು. ಸರಪಳಿ ಬಿದ್ದ ಮೇಲೆ ಎಂಟು ತಿಂಗಳಿಂದ ಅವನ ಹತ್ತಿರ ಹೋಗಲು ಆಗಿರಲಿಲ್ಲ. ಈ ಕೇಸು ಸೋತರೆ ಇವತ್ತಿನದೇ ಕೊನೆಯ ಸಲ.

ಸೋಲುವ ಹಾಗೇ ಕಾಣುತ್ತಿತ್ತು. ಅದೂ ಅವಳಿಂದಲೇ.

ಹಳ್ಳದ ಮೇಲಿನ ಕಲ್ಲುಸೇತುವೆ ಬಂತು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ, ಪಕ್ಕದ ಗೋಡೆ ಮೊಣಕಾಲೆತ್ತರ. ಉಣ್ಣೆಯ ಮೂಟೆ ಹೊತ್ತ ಕುದುರೆಗಳು ದಾಟುವಾಗ ಮೂಟೆ ತಗಲಬಾರದೆಂದು ಗೋಡೆಯನ್ನು ಗಿಡ್ಡವಾಗಿ ಕಟ್ಟಿದ್ದು. ಇದನ್ನು ಹೇಳಲು ಎನಿಡಳ ನಾಲಿಗೆ ತುರಿಸಿತು. ಮಿಸೆಸ್ ಕ್ರೋಮ್ ಕೆಳಗೆ ಬಗ್ಗಿ ನೋಡಿ, ಏನೋ ಬರೆದುಕೊಂಡು ಮುಂದೆ ಹೋದರು.

"ಮೋಡ ಆಗ್ತಿದೆ," ಎಂದ ಡೆಂಜಿಲ್, ಯಾರಿಗೂ ಅಲ್ಲದ ಹಾಗೆ.

"ಹ್ಞೂಂ. ಆದ್ರೆ ಮಳೆ ಬರಲ್ಲ," ಎಂದ ಡೆರೆಕ್ ಹಾಬ್‌ಡೇ.

ಡೆರೆಕ್ ಎನಿಡಳ ಪಕ್ಕದ ಮನೆಯವನು, ನಿವೃತ್ತ ಪೋಸ್ಟ್‌ಮ್ಯಾನ್. ಅರ್ಜಿ ಬರೆದವನು, ಮನೆಮನೆ ಅಲೆದು ಸಾಕ್ಷಿ ಸೇರಿಸಿದವನು ಅವನೇ. ನಿನ್ನೆ ಸಂಜೆ ಅವನು ಎನಿಡಳ ಅಡುಗೆಮನೆಯಲ್ಲಿ ಕುಳಿತು, ಚಹಾ ಕುಡಿಯುತ್ತಾ, ಅವಳಿಗೆ ಪಾಠ ಹೇಳಿಕೊಟ್ಟಿದ್ದ.

"ನೋಡಿ ಎನಿಡ್, ಹದಿನಾಲ್ಕು ಜನ ಬರೆದುಕೊಟ್ಟಿದಾರೆ, ನಿಜ. ಆದ್ರೆ ಅರ್ಧ ಜನ ಸೇತುವೆ ತನಕ ಹೋಗಿ ನಾಯಿ ತಿರುಗಿಸ್ಕೊಂಡು ಬಂದೋರು. ಇಪ್ಪತ್ತು ವರ್ಷ ಬಿಡದೆ ಚಾಪೆಲ್ ತನಕ ನಡೆದೋರು ಅಂದ್ರೆ ನೀವೊಬ್ರೇ. ನಿಮ್ಮ ಡೈರಿ ಇದೆಯಲ್ಲ, ಅದೇ ನಮಗೆ ದೇವರು. ಇಪ್ಪತ್ತು ವರ್ಷ ಜನ ನಡೆದ ದಾರಿ ಜನರದ್ದೇ ಆಗುತ್ತೆ, ಅದಕ್ಕೆ ಕಾನೂನು ಕೇಳೋದು ಮೂರೇ ಮಾತು. ಮುರಿದು ಹೋಗಿರಬಾರದು, ಕದ್ದು ಹೋಗಿರಬಾರದು, ಕೇಳಿ ಹೋಗಿರಬಾರದು."

"ಕೇಳಿ ಅಂದ್ರೆ?"

"ಅಪ್ಪಣೆ ಕೇಳಿ. ನಮ್ಮದು ಅಂತ ನಡೀಬೇಕು. ಯಜಮಾನನ್ನ ಕೇಳ್ಕೊಂಡು ನಡೆದ್ರೆ ಅದು ಅವನ ದಯೆ, ನಮ್ಮ ಹಕ್ಕಲ್ಲ. ಇಷ್ಟು ವರ್ಷ ದಯೆ ತೋರಿಸ್ದ, ಇವತ್ತು ನಿಲ್ಲಿಸ್ದ, ಅಷ್ಟೇ ಆಗುತ್ತೆ."

ಎನಿಡ್ ಕೈಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟಳು.

"ನಾನು ಕೇಳ್ತಿದ್ದೆ," ಎಂದಳು.

"ಏನು ಕೇಳ್ತಿದ್ರಿ?"

"ಹೊರೇಸನ್ನ. ಪ್ರತಿ ವರ್ಷ ಮೇ ಒಂದನೇ ತಾರೀಕು, ಕಾಡು ಪ್ಲಮ್ ಜಾಮ್ ಒಂದು ಬಾಟ್ಲು ತಗೊಂಡು ಹೋಗಿ, 'ಈ ವರ್ಷವೂ ನಿಮ್ಮ ಅಂಗಳದ ಮೇಲೆ ಹೋಗ್ಬಹುದಾ' ಅಂತ ಕೇಳ್ತಿದ್ದೆ. ಇಪ್ಪತ್ತಾರು ವರ್ಷ."

ಡೆರೆಕ್ ಚಹಾದ ಕಪ್ಪು ಕೆಳಗಿಟ್ಟ. "ಯಾಕೆ ಮಾರಾಯ್ರೇ? ಈ ಊರಲ್ಲಿ ಹುಟ್ಟಿದ ಒಂದು ನರಪಿಳ್ಳೆ ಯಾವತ್ತಾದ್ರೂ ಆ ಮನುಷ್ಯನ್ನ ಏನಾದ್ರೂ ಕೇಳಿದೆಯಾ?"

"ನಾನು ಈ ಊರಲ್ಲಿ ಹುಟ್ಟಿದವಳಲ್ವಲ್ಲ ಡೆರೆಕ್. ಲೀಡ್ಸ್ ಪಟ್ಟಣದಿಂದ ಬಂದವಳು. ಇನ್ನೊಬ್ಬರ ಮನೆ ಅಂಗಳ ದಾಟುವಾಗ ಕೇಳೋದು ಮರ್ಯಾದೆ ಅಂತ ನಮ್ಮಮ್ಮ ಕಲಿಸಿದ್ದು. ಅವನೇನು ಖುಷಿಪಟ್ಟವನಲ್ಲ ಬಿಡಿ. ಒಂದು ದಿನವೂ ಒಳಗೆ ಬಾ ಅನ್ನಲಿಲ್ಲ. ಗದರಿಸಿ ಬಾಗಿಲು ಹಾಕ್ಕೊಳ್ತಿದ್ದ."

"ಗದರಿಸಿದ್ರೂ ನೀವು ಹೋಗ್ತಿದ್ರಿ, ಅವನು ತಡೀಲಿಲ್ಲ. ಅಂದ್ರೆ ಒಪ್ಪಿದ ಅಂತಲೇ ಹಿಡೀತಾರೆ." ಡೆರೆಕ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಆಮೇಲೆ ಡೈರಿಗಳನ್ನು ಹತ್ತಿರ ಎಳೆದುಕೊಂಡು ಮೇ ತಿಂಗಳ ಹಾಳೆ ತೆರೆದ. 'ಹೊರೇಸ್, ಜಾಮ್.' ಮುಂದಿನ ವರ್ಷವೂ ಅದೇ. ಅದರ ಮುಂದಿನ ವರ್ಷವೂ. "ಇದರ ಪ್ರತಿ ಆ ಡೆಂಜಿಲ್ ಕಡೆ ಲಾಯರಮ್ಮನ ಹತ್ರ ಇದೆ. ಕೇಳೇ ಕೇಳ್ತಾಳೆ. ನೆರೆಯವನಿಗೆ ಜಾಮ್ ಕೊಟ್ಟೆ ಅನ್ನಿ, ಅಷ್ಟಕ್ಕೇ ನಿಲ್ಲಿಸಿ. ಅದೇನು ಸುಳ್ಳಲ್ಲವಲ್ಲ."

"ಸುಳ್ಳಲ್ಲ," ಎಂದಳು ಎನಿಡ್.

"ಕೇಳಿದ್ದು ನಿಮಗೂ ಹೊರೇಸನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಹೊರೇಸ್ ಬಂದು ಹೇಳಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ ಎನಿಡ್, ಒಂದು ಸಲ ಬಾಯಿ ಬಿಗಿ ಹಿಡ್ಕೊಳ್ಳಿ."

ಈಗ ಫಾರ್ಮಿನ ಅಂಗಳ ಬಂತು. ಡೆಂಜಿಲ್ ಜೇಬಿನಿಂದ ಕೀಲಿ ತೆಗೆದು ಗೇಟಿನ ಸರಪಳಿ ಬಿಚ್ಚಿದ. ಎನಿಡಳ ಕಾಲು ಅಭ್ಯಾಸಬಲದಿಂದ ಹೊರೇಸನ ಮನೆಯ ಹಸಿರು ಬಾಗಿಲಿನ ಕಡೆ ತಿರುಗಿತು. ಈಗ ಅದಕ್ಕೆ ಬೂದು ಬಣ್ಣ ಹೊಡೆದಿದ್ದರು. ಹೊರೇಸ್ ಆ ಬಾಗಿಲನ್ನು ಯಾವತ್ತೂ ಪೂರ್ತಿ ತೆರೆದದ್ದನ್ನು ಕಂಡ ನೆನಪು ಅವಳಿಗಿರಲಿಲ್ಲ. ಒಂದು ಗೇಣು ತೆರೆದು, ಜಾಮಿನ ಬಾಟ್ಲಿಗೆ ಕೈ ಚಾಚಿ, ಅದೇ ನಾಲ್ಕು ಮಾತು ಗೊಣಗಿ, ಮುಖದ ಮೇಲೆ ಬಾಗಿಲು ಹಾಕುತ್ತಿದ್ದ. ಹೊರಗಿನವಳು ಅಂತ ತಾತ್ಸಾರ, ಎಂದು ಅವಳು ಮೊದಲ ವರ್ಷವೇ ತೀರ್ಮಾನಿಸಿ, ಮನಸ್ಸಿಗೆ ನೋವಾದರೂ ಮರ್ಯಾದೆ ಬಿಡಬಾರದೆಂದು ವರ್ಷವರ್ಷವೂ ಹೋಗಿದ್ದಳು.

ಅಂಗಳ ದಾಟಿದರೆ ಹುಲ್ಲುಗಾವಲು. ನೆಲ ಅಲ್ಲಿ ಸಾಲುಸಾಲಾಗಿ ಏರಿ ಇಳಿಯುತ್ತದೆ, ಏಳುನೂರು ವರ್ಷದ ಹಿಂದೆ ಎತ್ತು ಕಟ್ಟಿ ಉತ್ತ ಸಾಲು, ಆಮೇಲೆ ಯಾರೂ ಉಳದೆ ಹಾಗೇ ಹುಲ್ಲು ಬೆಳೆದು ಉಳಿದದ್ದು. ಅದರ ಆಚೆ ದಿಬ್ಬಗಳು. ಅಲ್ಲೊಂದು ಊರಿತ್ತು. ದೊಡ್ಡ ಪ್ಲೇಗಿನಲ್ಲಿ ಅರ್ಧ ಜನ ಸತ್ತು, ಉಳಿದವರು ಎದ್ದುಹೋದರು. ಮನೆಗಳಿದ್ದ ಜಾಗ ದಿಬ್ಬವಾಯಿತು, ಬೀದಿಯಿದ್ದ ಜಾಗ ತಗ್ಗಾಯಿತು. ಆ ತಗ್ಗಿನಲ್ಲೇ ದಾರಿ ಹೋಗುತ್ತದೆ. ಭಾನುವಾರಗಳಲ್ಲಿ ಎನಿಡ್ ಇಲ್ಲಿ ಬಂದವರನ್ನು ನಿಲ್ಲಿಸಿ, "ನೀವೀಗ ಅವರ ಬೀದೀಲಿ ನಿಂತಿದೀರಿ" ಎನ್ನುತ್ತಿದ್ದಳು. ಎಂಥ ವಾಚಾಳಿಗಳೂ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು.

ಇವತ್ತು ಅವಳೇ ಸುಮ್ಮನಿದ್ದಳು. ಸುಮ್ಮನೆ ನಡೆದಾಗ ಅವಳಿಗೆ ಮೊದಲ ಸಲ ಒಂದು ಯೋಚನೆ ಬಂತು. ಇಲ್ಲಿ ಮನೆಯಿಲ್ಲ, ಒಲೆಯಿಲ್ಲ, ಒಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ. ಅವರದ್ದು ಅಂತ ಉಳಿದದ್ದು ನಡೆದ ದಾರಿ ಒಂದೇ. ಅದೂ ಯಾರೋ ನಡೆಯುತ್ತಾ ಬಂದದ್ದರಿಂದ ಉಳಿಯಿತು. ಅಂಥದ್ದನ್ನು ತನ್ನ ಒಂದು ಬಾಟ್ಲು ಜಾಮ್ ಮುಗಿಸಿಬಿಟ್ಟಿತಲ್ಲ ಎಂದುಕೊಂಡಳು.

ಚಾಪೆಲ್ಲಿನದು ಈಗ ಒಂದೂವರೆ ಗೋಡೆ, ಒಂದು ಕಿಟಕಿಯ ಕಮಾನು. ಪಕ್ಕದಲ್ಲಿ ಒರತೆ, ಅದರ ಸುತ್ತ ಜರೀಗಿಡ. ಎನಿಡ್ ಅಲ್ಲಿ ನಿಂತಳು. ಲೆನರ್ಡನಿಗೆ ಎಂಟು ತಿಂಗಳ ಸುದ್ದಿ ಹೇಳುವುದಿತ್ತು. ಮಂಡಿ ಆಪರೇಷನ್ನು, ಬೆಕ್ಕು ಸತ್ತದ್ದು, ಡೆರೆಕ್ ಅರ್ಜಿ ಬರೆದದ್ದು. ಐದು ಜನರ ಮುಂದೆ ಏನೂ ಹೇಳಲಾಗಲಿಲ್ಲ. ಲೆನರ್ಡ್ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಯೋಚಿಸಿದಳು. ಅವನು ಸುಳ್ಳಿಗೂ ಅರ್ಧ ಸತ್ಯಕ್ಕೂ ವ್ಯತ್ಯಾಸ ಮಾಡುತ್ತಿರಲಿಲ್ಲ, ಆ ವಿಷಯದಲ್ಲಿ ಮಹಾ ಹಟಮಾರಿ. ಅದು ಅವಳಿಗೆ ಗೊತ್ತಿದ್ದದ್ದೇ ಕಷ್ಟವಾಗಿತ್ತು.

ಮಿಸೆಸ್ ಕ್ರೋಮ್ ಅವಳನ್ನು ಒಮ್ಮೆ ನೋಡಿ, ಬೇಕೆಂದೇ ಗೋಡೆಯ ಆ ಬದಿಗೆ ಹೋಗಿ ನಿಧಾನವಾಗಿ ಏನೋ ಬರೆದುಕೊಳ್ಳತೊಡಗಿದರು. ಡೆಂಜಿಲ್ ಕೂಡ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ತಿರುಗಿದ. ಕೆಟ್ಟ ಮನುಷ್ಯನೇನಲ್ಲ ಎಂದು ಎನಿಡ್‌ಗೆ ಅನಿಸಿತು, ಅನಿಸಿದ್ದಕ್ಕೆ ಸ್ವಲ್ಪ ಸಿಟ್ಟೂ ಬಂತು.

ಮಧ್ಯಾಹ್ನ ಊರಿನ ಹಾಲ್ ತುಂಬಿತ್ತು. ಹಿಂದೆ ಚಹಾದ ಪಾತ್ರೆ ಕುದಿಯುತ್ತಿತ್ತು. ಎನಿಡ್ ಮುಂದಿನ ಮೇಜಿಗೆ ಹೋಗಿ ಕುಳಿತಳು. ಡೆಂಜಿಲ್ ಕಡೆಯ ಲಾಯರ್ ಮಿಸ್ ಥಾರ್ನ್ ಚಿಕ್ಕ ವಯಸ್ಸಿನವಳು, ಮೆದುಮಾತಿನವಳು. ಡೈರಿಯ ಭಾನುವಾರಗಳ ಬಗ್ಗೆ ಅರ್ಧ ಗಂಟೆ ಕೇಳಿ, ಆಮೇಲೆ ಹಾಳೆ ತಿರುಗಿಸಿದಳು.

"ಮಿಸೆಸ್ ಗಾರ್‌ಸೈಡ್, ಪ್ರತಿ ಮೇ ಒಂದಕ್ಕೆ 'ಹೊರೇಸ್, ಜಾಮ್' ಅಂತಿದೆ. ಇದೇನು?"

"ಹೊರೇಸ್ ಪ್ಯಾಡ್ಮೋರ್‌ಗೆ ಜಾಮ್ ಕೊಡ್ತಿದ್ದೆ. ನೆರೆಹೊರೆ ಅಂತ."

ಎರಡನೇ ಸಾಲಿನಲ್ಲಿದ್ದ ಡೆರೆಕ್ ಉಸಿರು ಬಿಟ್ಟ. ಮಿಸ್ ಥಾರ್ನ್ ತಲೆಯಾಡಿಸಿ ಮುಂದಿನ ಹಾಳೆಗೆ ಕೈಹಾಕಿದಳು. ಅಲ್ಲಿಗೆ ಮುಗಿಯಿತು. ಮುಗಿಯಬೇಕಿತ್ತು. ಎನಿಡಳ ಕಣ್ಣ ಮುಂದೆ ಒರತೆಯ ಪಕ್ಕದ ಒದ್ದೆ ಕಲ್ಲು ಬಂತು. ಈ ಅರ್ಧ ಮಾತು ಇಟ್ಟುಕೊಂಡು ಅಲ್ಲಿಗೆ ಹೋಗಿ ಲೆನರ್ಡನಿಗೆ ಏನು ಹೇಳುವುದು?

"ಇನ್ನೂ ಇದೆ," ಎಂದಳು. "ಜಾಮ್ ಕೊಟ್ಟು, ದಾರಿ ಕೇಳ್ತಿದ್ದೆ. ಅಂಗಳದ ಮೇಲೆ ಹೋಗ್ಬಹುದಾ ಅಂತ. ಇಪ್ಪತ್ತಾರು ವರ್ಷ ಕೇಳಿದೀನಿ."

ಹಾಲ್‌ನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಡೆರೆಕ್ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಮಿಸ್ ಥಾರ್ನ್ ಪೆನ್ನು ಕೆಳಗಿಟ್ಟಳು.

"ಅಂದ್ರೆ ಮಿಸ್ಟರ್ ಪ್ಯಾಡ್ಮೋರ್ ಅಪ್ಪಣೆ ಮೇಲೆ ನೀವು ನಡೀತಿದ್ರಿ. ನನ್ನ ಪ್ರಶ್ನೆ ಮುಗೀತು."

"ನನ್ನದೊಂದಿದೆ," ಎಂದರು ಮಿಸೆಸ್ ಕ್ರೋಮ್. "ನೀವು ಕೇಳಿದಾಗ ಅವರೇನು ಹೇಳ್ತಿದ್ರು?"

ಎನಿಡ್ ಕೆಂಪಾದಳು. "ಅದನ್ನ ಇಲ್ಲಿ ಹೇಳೋಕೆ ಚೆನ್ನಾಗಿರಲ್ಲ. ಸತ್ತವರ ಬಗ್ಗೆ. ಅವನ ಮಾತು ಸ್ವಲ್ಪ ಒರಟು."

"ಇದ್ದದ್ದು ಇದ್ದ ಹಾಗೇ ಹೇಳಿ. ನಾನು ಬರ್ಕೋತೀನಿ."

ಎನಿಡ್ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. ಇಪ್ಪತ್ತಾರು ಸಲ ಕೇಳಿದ್ದ ಮಾತು, ಒಂದು ಅಕ್ಷರವೂ ಮರೆತಿರಲಿಲ್ಲ. ಅವನ ಧ್ವನಿಯಲ್ಲೇ ಬಂದುಬಿಟ್ಟಿತು.

"'ನನ್ನೇನ್ ಕೇಳ್ತೀಯಮ್ಮ? ದಾರಿ ನಂದಾ? ನಮ್ಮ ತಾತ ಹುಟ್ಟೋಕ್ ಮುಂಚಿಂದ ಜನ ಓಡಾಡ್ತಾವ್ರೆ, ಕೊಡಾಕೆ ನಾನ್ಯಾವನು? ಹೋಗು ಹೋಗು. ಗೇಟ್ ಹಾಕ್ಕಂಡ್ ಹೋಗು.' ಅಷ್ಟೇ. ಆಮೇಲೆ ಬಾಗಿಲು ಹಾಕ್ಕೊಳ್ತಿದ್ದ."

ಮಿಸೆಸ್ ಕ್ರೋಮ್ ಬರೆಯುವುದನ್ನು ಮುಗಿಸಿ, ತಲೆಯೆತ್ತಿದರು.

"'ದಾರಿ ನಂದಾ, ಕೊಡಾಕೆ ನಾನ್ಯಾವನು.' ಜಮೀನಿನ ಯಜಮಾನರೇ ಹೀಗಂದ್ರು. ಪ್ರತಿ ವರ್ಷ?"

"ಪ್ರತಿ ವರ್ಷ. ನನ್ನ ಗಂಡ ತೀರಿಕೊಂಡ ವರ್ಷ, ಬೂದಿ ತಗೊಂಡು ಹೋಗ್ತೀನಿ, ಹೋಗ್ಬಹುದಾ ಅಂದೆ. ಆವತ್ತೂ ಅದನ್ನೇ ಅಂದ. ಆದ್ರೆ ಬಾಗಿಲು ಪೂರ್ತಿ ತೆಗೆದಿದ್ದ. ತಲೆ ಮೇಲಿನ ಟೋಪಿ ಕೈಲಿತ್ತು. ನಾನು ಹುಲ್ಲುಗಾವಲು ದಾಟೋ ತನಕ..."

ಅವಳು ನಿಂತಳು. ಆ ಬಾಗಿಲು ಯಾವತ್ತೂ ಪೂರ್ತಿ ತೆರೆಯಲಿಲ್ಲ ಎಂದು ಬೆಳಿಗ್ಗೆ ತಾನೇ ಅಂದುಕೊಂಡಿದ್ದಳು. ಒಂದು ಸಲ ತೆರೆದಿತ್ತು. ಅವಳೇ ಮರೆತಿದ್ದಳು. ಇಪ್ಪತ್ತಾರು ವರ್ಷ ಆ ಮನುಷ್ಯ, ನೀನು ಹೊರಗಿನವಳಲ್ಲ, ಈ ದಾರಿ ನನಗೆಷ್ಟೋ ನಿನಗೂ ಅಷ್ಟೇ ಎಂದು ತನಗೆ ಬಂದ ಭಾಷೆಯಲ್ಲಿ ಹೇಳುತ್ತಲೇ ಇದ್ದ. ಅವಳು ಗದರಿಕೆಯನ್ನು ಮಾತ್ರ ಕೇಳಿಸಿಕೊಂಡು ಮನೆಗೆ ಬಂದು ಮುಖ ಊದಿಸಿಕೊಂಡಿದ್ದಳು. ಎನಿಡ್‌ಗೆ ಅಳು ಬಂತು. ಎಲ್ಲರ ಮುಂದೆ, ಕರವಸ್ತ್ರ ಸಿಗದೆ, ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡಳು.

ಮಿಸ್ ಥಾರ್ನ್ ಡೈರಿಯ ಪ್ರತಿಗಳನ್ನು ಒಟ್ಟುಮಾಡಿ ಫೈಲಿನೊಳಗೆ ಇಟ್ಟಳು. ಡೆಂಜಿಲ್ ಅವಳ ಕಿವಿಯಲ್ಲಿ ಏನೋ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

ತೀರ್ಪಿನ ಕಾಗದ ಬಂದದ್ದು ಸೆಪ್ಟೆಂಬರಿನಲ್ಲಿ. ಡೆರೆಕ್ ಅದನ್ನು ಹಿಡಿದುಕೊಂಡು ಚಪ್ಪಲಿಯಲ್ಲೇ ಓಡಿಬಂದು, "ಗೆದ್ವಿ ಎನಿಡ್! ಯಜಮಾನನೇ ದಾರಿ ತನ್ನದಲ್ಲ ಅಂದಮೇಲೆ ಅದು ಅಪ್ಪಣೆಯೇ ಅಲ್ಲ ಅಂತ, ಇಡೀ ಎರಡು ಪುಟ ನಿಮ್ಮ ಜಾಮಿನ ಕಥೆಯೇ ಬರೆದಿದಾರೆ ನೋಡಿ," ಎಂದ. "ನಾನು ಹೇಳಿದ ಹಾಗೆ ಕೇಳಿದ್ರೆ ಮುಳುಗಿ ಹೋಗ್ತಿದ್ವಿ."

ಮರುದಿನ ಎನಿಡ್ ಒಬ್ಬಳೇ ಹೊರಟಳು. ಮೊದಲು ಇಗರ್ಜಿಯ ಹಿಂದೆ ಹೊರೇಸನ ಸಮಾಧಿಕಲ್ಲಿನ ಹತ್ತಿರ ನಿಂತಳು. ಆ ವರ್ಷದ ಜಾಮ್ ಇನ್ನೂ ಒಲೆಯ ಮೇಲೆ ಏರಿರಲಿಲ್ಲ, ಬರಿಗೈ. ನಾಲ್ಕು ವರ್ಷದಲ್ಲಿ ಅವಳು ಅಲ್ಲಿ ನಿಂತದ್ದು ಅದೇ ಮೊದಲು.

"ಇನ್ಮೇಲೆ ಕೇಳಲ್ಲ ಹೊರೇಸ್," ಎಂದಳು.

ಸೇತುವೆ ದಾಟಿ ಫಾರ್ಮಿಗೆ ಬಂದಾಗ ಸರಪಳಿ ಇರಲಿಲ್ಲ. ಬೂದು ಬಾಗಿಲಿನ ಮುಂದೆ ಅವಳ ಕಾಲು ಹಳೆಯ ಹಾಗೇ ತಡೆಯಿತು. ಅವಳು ಅದನ್ನು ನಿಲ್ಲಲು ಬಿಡದೆ ಅಂಗಳದ ಮೇಲೆ ನೇರ ನಡೆದುಹೋದಳು. ಆ ಕಡೆಯ ಗೇಟಿನ ಹತ್ತಿರ ಮಾತ್ರ ಹಿಂದಿರುಗಿ, ಗೇಟು ಹಾಕಿಕೊಂಡು, ಚಿಲಕ ಸರಿಯಾಗಿ ಬಿತ್ತೇ ಎಂದು ಎರಡು ಸಲ ಅಲುಗಾಡಿಸಿ ನೋಡಿ ಹೋದಳು.