ರಾಣಿ ಒಟಿಲಿಯಾ ಕೇಳಿದ ಒಂದು ಮಾತು

೧

ಎಲ್ಲಿಂದ ಶುರು ಮಾಡಲಿ? ಹುಟ್ಟಿನಿಂದ ಎಂದರೆ, ಹೋಹೆನ್‌ಬ್ರುಕ್ ಎಂಬ ಪುಟ್ಟ ಸಂಸ್ಥಾನದಲ್ಲಿ ಹೆಣ್ಣುಗಳ ಸಾಲಿಗೆ ಕೊನೆಯವಳಾಗಿ ಬಂದ ರಾಜಕುಮಾರಿಯ ಹುಟ್ಟನ್ನು ಅವಳಪ್ಪನೇ ಗಮನಿಸಲಿಲ್ಲ, ಬೇಟೆಗೆ ಹೋಗಿದ್ದ. ಪದ್ಯ ಬರೆಯುವವರಾಗಿದ್ದರೆ ಮೊದಲು ದೇವರನ್ನು ನೆನೆದು, ಆಮೇಲೆ ಊರನ್ನು ಹೊಗಳಿ, ನಿಧಾನಕ್ಕೆ ಹುಡುಗಿಯ ಮೂಗಿಗೆ ಬರುತ್ತಿದ್ದರು. ದೇವರನ್ನು ನೆನೆದಿದ್ದೇನೆ. ಊರು ಹೊಗಳುವಷ್ಟಿಲ್ಲ. ಮೂಗು ಸ್ವಲ್ಪ ದೊಡ್ಡದು.

("ಅದನ್ನ ಬರೀಲೇಬೇಕಾ?" ಎಂದಳು ಒಟಿಲಿಯಾ. ಈ ಕಥೆಯ ರಾಜಕುಮಾರಿ ಅವಳೇ. ಬರೆಯುತ್ತಿರುವಾಗ ಹೆಗಲ ಮೇಲಿಂದ ಇಣುಕುವ ಚಾಳಿ.)

ಸರಿ, ಹುಟ್ಟನ್ನು ಬಿಟ್ಟೆ. ಮದುವೆಯಿಂದ ಶುರು.

೨

ನಮ್ಮ ವಾಲ್ಮಾರ್ಕಿ ರಾಜ್ಯಕ್ಕೆ ರಾಣಿಯಾಗಿ ಬರುವವಳನ್ನು ವಿರ್ನಾ ನದಿಯ ನಡುಗಡ್ಡೆಯ ಮೇಲೆ ಒಪ್ಪಿಸಿಕೊಳ್ಳುವುದು ಪದ್ಧತಿ. ಅಲ್ಲೊಂದು ಮರದ ಮನೆ, ನೆಲದ ನಡುವೆ ಕೆಂಪು ಪಟ್ಟಿ. ಆಚೆ ತವರು, ಈಚೆ ನಾವು. ವಧು ತವರಿನದೆಲ್ಲವನ್ನೂ, ಕೂದಲಿನ ಪಿನ್ನನ್ನು ಸಹ, ಕಳಚಿಟ್ಟು ಒಳಂಗಿಯಲ್ಲೇ ಪಟ್ಟಿ ದಾಟಬೇಕು. ಎರಡೂ ಕಡೆಯ ಹಿರಿಯರು ತಲೆಬಾಗಿ ನಮಸ್ಕರಿಸುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ಅಷ್ಟು ಹೊತ್ತು ಅವಳು ಯಾರವಳೂ ಅಲ್ಲ. ದಾಟಿದವರು ಮರಳುವಂತಿಲ್ಲ.

ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಅವಳು ಗೊಳೋ ಎಂದು ಅಳುತ್ತಿದ್ದಳು.

"ಅಳು ಎಲ್ಲಿಂದ ಬರುತ್ತೆ? ಚಳಿಗೆ ಹಲ್ಲು ಕಟಕಟ ಅಂತಿತ್ತು. ಅದನ್ನ ಬರೀರಿ."

ಬರೆದೆ. ಅವಳು ದಾಟಿ ನಡುಗುತ್ತ ನಿಂತಿದ್ದಾಳೆ. ಯಾರು ಮೊದಲು ತಲೆ ಬಾಗಬೇಕೆಂಬ ವಾದ ನಡೆದಿದೆ.

"ಹೆಣ್ಣು ಕೊಡೋರು ನೀವು. ನೀವೇ ಬಗ್ಗಬೇಕು," ಎಂದಳು ನಮ್ಮ ಅಂತಃಪುರದ ಹಿರಿಯಳು, ಕೌಂಟೆಸ್ ಮೆಕ್‌ಟಿಲ್ಡ್.

"ಕೊಡೋ ಕೈ ಮೇಲಿರುತ್ತೆ ತಾಯೀ, ತಗೊಳ್ಳೋ ಕೈ ಕೆಳಗೆ," ಎಂದ ತವರಿನ ಮುದಿ ಬ್ಯಾರನ್.

ಆಗ ಒಟಿಲಿಯಾಳನ್ನು ಎದೆಹಾಲು ಕೊಟ್ಟು ಬೆಳೆಸಿದ ದಾದಿ ಬಾರ್ಬೆಲ್, ಬೀಳ್ಕೊಡಲು ಬಂದು ಗೋಡೆಗೊರಗಿ ನಿಂತಿದ್ದವಳು, ಬಾಯಿಬಿಟ್ಟಳು. "ಇಬ್ರಿಗೂ ಸೊಂಟ ಹಿಡ್ಕೊಂಡಿದ್ಯಾ? ಮಗು ನೀಲಿಯಾಗ್ತಿದೆ." ಹೇಳುತ್ತಲೇ ಬಂದು ತನ್ನ ಶಾಲು ತೆಗೆದು ಹುಡುಗಿಗೆ ಹೊದಿಸಿದಳು.

ಎಲ್ಲರೂ ಅವಳ ಕಾಲನ್ನು ನೋಡಿದರು. ಎರಡೂ ಕಾಲು ಪಟ್ಟಿಯ ಈಚೆ ಇದ್ದವು.

"ಏ ಮುದುಕಿ, ಈ ಕಡೆ ವಾಪಸ್ ಬಾ," ಎಂದ ಬ್ಯಾರನ್.

"ಹೋಗೋ ಹಾಗಿಲ್ಲ," ಎಂದಳು ಕೌಂಟೆಸ್. "ಇವತ್ತು ದಾದಿ ವಾಪಸ್ ಹೋದ್ರೆ ನಾಳೆ ವಧೂನೂ ಹೋಗಬಹುದು ಅಂತಾಗುತ್ತೆ."

ಬ್ಯಾರನ್ ಯೋಚಿಸಿ, ಹೌದೆಂದು ಒಪ್ಪಿ, ಮೊದಲು ತಾನೇ ತಲೆ ಬಾಗಿದ.

ಒಟಿಲಿಯಾಗೆ ಕುಣಿಯಬೇಕೆನಿಸಿತು. ಬಾರ್ಬೆಲಮ್ಮನನ್ನು ಜೊತೆಗೆ ಕಳಿಸಿ ಎಂದು ಅಪ್ಪನ ಕಾಲು ಹಿಡಿದಾಗ ಆಗದೆಂದಿದ್ದ. ಈಗ ತಾನಾಗಿ ಆಯಿತು. ಕುದುರೆಗಾಡಿಯಲ್ಲಿ ತಿರುಗಿ ನೋಡಿದರೆ ಬಾರ್ಬೆಲ್ ಹಿಂದೆ ಉಳಿದ ನದಿಯನ್ನೇ ನೋಡುತ್ತಿದ್ದಳು.

"ನಮ್ಮ ಯಜಮಾನ್ರಿಗೆ ಕಣ್ಣು ಕಾಣಲ್ಲ ಕಣೇ ಪುಟ್ಟಿ. ಸಂಜೆಗೆ ಬರ್ತೀನಿ ಅಂದಿದ್ದೆ."

೩

(ಇಲ್ಲಿ ಅರಮನೆಯ ವರ್ಣನೆ ಇತ್ತು. ಹರಿದುಹಾಕಿದೆ. ಬಾರ್ಬೆಲ್ ಅದನ್ನು ಕಣ್ಣೆತ್ತಿಯೂ ನೋಡದಿರುವಾಗ ನಾವು ನೋಡುವುದು ಚೆನ್ನಾಗಿರುವುದಿಲ್ಲ.)

ಸಂಜೆಯ ಪ್ರಾರ್ಥನೆಯನ್ನು ಗಂಡಹೆಂಡತಿ ಒಂದೊಂದು ಸಾಲು ಹೇಳುವುದು ಅವರ ಕಡೆಯ ರೂಢಿ. ಒಂದು ಸಾಲು ಅವಳದು, ಮುಂದಿನದು ಅವನದು. ಅರಮನೆಯಲ್ಲೂ ಬಾರ್ಬೆಲ್ ತನ್ನ ಸಾಲು ಹೇಳಿ, ಒಂದು ಸಾಲಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ತನ್ನದನ್ನು ಹೇಳುತ್ತಿದ್ದಳು. ಒಮ್ಮೆ ಒಟಿಲಿಯಾ ಆ ನಡುವಿನ ಸಾಲು ಹೇಳಹೋದಳು.

"ನೀನು ಹೇಳ್ಬೇಡ ಪುಟ್ಟಿ. ಅಲ್ಲಿ ಅವರು ಹೇಳ್ತಿರ್ತಾರೆ."

೪

ಪಟ್ಟಾಭಿಷೇಕದ ದಿನ ನಮ್ಮ ರಾಣಿ ಒಂದು ಮಾತು ಕೇಳಬಹುದು, ರಾಜ ಇಲ್ಲವೆನ್ನುವಂತಿಲ್ಲ. (ರಾಣಿ ವರ ಕೇಳಿದ ಕಥೆಗಳನ್ನು ನೀವೂ ಕೇಳಿದ್ದೀರಿ. ನನಗೂ ಭಯವೇ.) ಸಾಮಾನ್ಯವಾಗಿ ರಾಣಿಯರು ಒಬ್ಬ ಕೈದಿಯನ್ನು ಬಿಡಿಸುತ್ತಾರೆ, ಜನ ಜೈ ಎನ್ನುತ್ತಾರೆ.

"ಬಾರ್ಬೆಲಮ್ಮನ್ನ ಮನೆಗೆ ಕಳಿಸಿ ಅಂತ ಕೇಳ್ತೀನಿ," ಎಂದಳು ಒಟಿಲಿಯಾ.

ಕೌಂಟೆಸ್ ಬಾಗಿಲು ಹಾಕಿ ಬಂದು ಕೂತಳು. "ನನ್ನ ಮಾತು ಕೇಳಮ್ಮ. ಹಿಂದಿನ ರಾಣಿಗೆ ಮಕ್ಕಳಾಗ್ಲಿಲ್ಲ. ತವರಿಗೆ ಅಟ್ಟಿ ಅಂತ ದರ್ಬಾರೆಲ್ಲ ಕೂಗಾಡ್ತು. ದಾಟಿದವರು ಮರಳೋ ಹಾಗಿಲ್ಲ ಅನ್ನೋ ಆ ಒಂದು ಕಟ್ಟಳೆ ಅವರನ್ನ ಉಳಿಸ್ತು. ನೀನದನ್ನ ಬೇಲಿ ಅನ್ಕೊಂಡಿದೀಯ. ಅದು ತಲೆ ಮೇಲಿನ ಸೂರು. ಈ ಮುದುಕಿಗೋಸ್ಕರ ಕಿತ್ತುಹಾಕಿದ್ರೆ, ನಾಳೆ ನಿನ್ನ ಮಡಿಲು ತುಂಬದೇ ಹೋದ್ರೆ?"

ಒಟಿಲಿಯಾ ನನ್ನ ಕಡೆ ತಿರುಗಿದಳು. "ನೀವೇ ಬೇರೆ ದಾರಿ ಹುಡುಕಿ. ಕಥೆ ನಿಮ್ಮದಲ್ವಾ?"

ಹುಡುಕಿದೆ.

ಅಂತ್ಯ ಒಂದು: ದಾದಿಯ ಗಂಡನನ್ನೇ ಇಲ್ಲಿಗೆ ಕರೆಸುವುದು. ಯಾರಿಗೂ ನಷ್ಟವಿಲ್ಲ. ಬಾರ್ಬೆಲ್ ನನ್ನನ್ನು ಹಿಡಿದು ಬೈದಳು: "ಕಣ್ಣಿಲ್ಲದ ಮನುಷ್ಯನಿಗೆ ಮನೆ ಗೋಡೆಗಳೇ ಕಣ್ಣು ಕಣಯ್ಯ. ಇಲ್ಲಿ ತಂದು ಬಿಟ್ರೆ ಇನ್ನೊಂದ್ಸಲ ಕುರುಡ ಆಗ್ತಾರೆ. ಅಷ್ಟೂ ಗೊತ್ತಾಗಲ್ವಾ?"

ಅಂತ್ಯ ಎರಡು: ಮುದುಕ ಅಷ್ಟರಲ್ಲಿ ತೀರಿಕೊಂಡನೆಂದು ಬರೆಯುವುದು. ತೊಂದರೆ ತಾನಾಗಿ ತೀರುತ್ತದೆ. ಬರೆದೆ ಕೂಡ. ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು. ಹೊಡೆದುಹಾಕಿದೆ.

"ಹಾಗಾದ್ರೆ ಕೈದೀನೇ ಬಿಡಿಸು," ಎಂದಳು ಬಾರ್ಬೆಲ್. "ನನಗೆ ಇಲ್ಲೇನು ಕಮ್ಮಿ? ಊಟ ಇದೆ, ಒಲೆ ಇದೆ."

"ಸುಳ್ಳು ಹೇಳೋಕೆ ಬರಲ್ಲ ನಿಂಗೆ, ಸುಮ್ನಿರು," ಎಂದಳು ಒಟಿಲಿಯಾ.

೫

ಆ ದಿನ ದೊರೆ ಅಲಾರಿಕ್, ಕೆಟ್ಟವನಲ್ಲದ, ಮಾತು ಕಡಿಮೆಯ ಮನುಷ್ಯ, ಏನು ಬೇಕೆಂದು ಕೇಳಿದ. ಅವಳು ಹೇಳಿದಳು. ಸಭೆಯಲ್ಲಿ ಯಾರೋ ಕೆಮ್ಮಿದರು.

"ಯೋಚನೆ ಮಾಡಿ ಕೇಳ್ತಿದೀಯಾ?"

"ಮಾಡಿದೀನಿ."

ಬಾರ್ಬೆಲ್ ವಿರ್ನಾ ದಾಟಿ ಮನೆ ಸೇರಿದಳು. ಗಂಡ ಇದ್ದಾನೆ. ಇದನ್ನು ಮಾತ್ರ ಖಚಿತವಾಗಿ ಬರೆಯುತ್ತೇನೆ.

೬

ಇನ್ನು ನೀವು ಕೇಳುವ ಪ್ರಶ್ನೆ ಒಂದೇ: ಮಗು ಆಯಿತೇ, ಅಥವಾ ಅವಳನ್ನು ಅಟ್ಟಿದರೇ? ಬರೆಯಲು ಕೂತೆ. ಒಟಿಲಿಯಾ ಹಾಳೆಯ ಮೇಲೆ ಅಂಗೈ ಇಟ್ಟಳು.

"ಬೇಡ. ಮಗು ಆಯ್ತು ಅಂದ್ರೆ, ನಾನೇನೂ ಕಳ್ಕೊಳ್ಳಲೇ ಇಲ್ಲ ಅಂತಾರೆ. ಆಗ್ಲಿಲ್ಲ ಅಂತ ಬರೆದ್ರೆ, ಅಲ್ಲಿ ಬಾರ್ಬೆಲಮ್ಮನಿಗೆ ಅನ್ನ ಇಳಿಯಲ್ಲ."

"ಅವಳಿಗೆ ಓದೋಕೆ ಬರಲ್ಲವಲ್ಲ."

"ಯಾರ ಹತ್ರನಾದ್ರೂ ಓದಿಸಿ ಕೇಳ್ತಾಳೆ. ನಂಗೊತ್ತು."

ನಾನು ಪೆನ್ನು ಕೆಳಗಿಟ್ಟೆ. ಅವಳು ಅಂಗೈ ತೆಗೆದಿಲ್ಲ.