ಬೋಲ್ಟಿನ ತಲೆಯ ನೀಲಿ ಬೊಟ್ಟು

ತಮ್ಮನ ಕೈಚಳಕವನ್ನು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ? ಹಳೆಯ ಸ್ಪೋರ್ಟ್ಸ್ ಕಾರುಗಳ ಮೈ ರಿಪೇರಿ ನಮ್ಮ ಮನೆಯ ಕಸುಬು. ಅವನಿಗಿಂತ ಆರು ವರ್ಷ ಮೊದಲೇ ಸ್ಪ್ಯಾನರ್ ಹಿಡಿದವಳು ನಾನು. ಆದರೂ ಗಿರಾಕಿಗಳು ಬಾಗಿಲಲ್ಲೇ ನಿಂತು ಕೇಳುವುದು ಅವನನ್ನೇ.

ಶೆಡ್ಡಿನ ಉಸ್ತುವಾರಿಯನ್ನು ಅಪ್ಪ ಈ ತಿಂಗಳು ನಮ್ಮಿಬ್ಬರಲ್ಲಿ ಒಬ್ಬರಿಗೆ ಒಪ್ಪಿಸುವವರಿದ್ದರು. ಅಷ್ಟರಲ್ಲಿ ಡಾಕ್ಟರಮ್ಮನ ಕೆಂಪು ಕಾರು ವಾಪಸು ಬಂತು. ಬಾಗಿಲಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ತಮ್ಮ ಎರಡು ಸಲ ಅದನ್ನು ಕೆರೆದು, ಫೈಬರ್ ತುಂಬಿ, ಬಣ್ಣ ಹೊಡೆದು ಕಳಿಸಿದ್ದ. ಈಗ ಮತ್ತೆ ಅದೇ ಜಾಗ. ನನಗಾದ ಖುಷಿ ಅಷ್ಟಿಷ್ಟಲ್ಲ.

ಆ ಕಾರಿನ ಮೈ ಫೈಬರ್, ಅಡಿಯ ಚೌಕಟ್ಟು ಕಬ್ಬಿಣ. ಓಡುವಾಗ ಚೌಕಟ್ಟು ತುಸು ತಿರುಚಿಕೊಳ್ಳುತ್ತದೆ. ಎರಡರ ನಡುವೆ ರಬ್ಬರ್ ಬಿಲ್ಲೆ ಇಟ್ಟು ಬೋಲ್ಟನ್ನು ಹದವಾಗಿ ಬಿಗಿದರೆ ಮೈ ತಾಳಿಕೊಳ್ಳುತ್ತದೆ. ವಿಪರೀತ ಬಿಗಿದರೆ ರಬ್ಬರ್ ಅಪ್ಪಚ್ಚಿಯಾಗಿ ಎಳೆತವೆಲ್ಲ ಬಾಗಿಲಿನ ಮೂಲೆಗೆ ಬೀಳುತ್ತದೆ. ಇವನು ಸೀಟಿನಡಿಯ ಆ ಬೋಲ್ಟನ್ನು ನೋಡಿಯೇ ಇಲ್ಲ, ಬಿಗಿದವನೂ ಇವನೇ ಇರಬೇಕು ಅಂದುಕೊಂಡೆ. ನಮ್ಮ ಶೆಡ್ಡಿನಲ್ಲಿ ಬೋಲ್ಟ್ ಬಿಗಿದವರು ಅದರ ತಲೆಗೆ ತಮ್ಮ ಬಣ್ಣದ ಬೊಟ್ಟಿಡಬೇಕು. ಅಪ್ಪನದು ಬಿಳಿ, ನನ್ನದು ಹಳದಿ, ತಮ್ಮನದು ನೀಲಿ.

"ಸೀಟು ಬಿಚ್ಚಿಡು. ಯಾರ ಬೊಟ್ಟು ಅಂತ ಅಪ್ಪನೇ ನೋಡ್ಲಿ," ಎಂದು ತಮ್ಮನಿಗೆ ಹೇಳಿ ಅಪ್ಪನನ್ನು ಕರೆತರಲು ಹೊರಟೆ.

ಮನೆ ಶೆಡ್ಡಿನ ಹಿಂದೆಯೇ ಇದೆ. ಅಪ್ಪ ಕನ್ನಡಕ ಹುಡುಕಿ, ಚಪ್ಪಲಿ ಮೆಟ್ಟಿ ಹೊರಡಲು ಹತ್ತು ನಿಮಿಷವಾಯಿತು. ಅಷ್ಟೂ ಹೊತ್ತು ನಾನು ತಮ್ಮನ ಮೇಲೆ ಚಾಡಿ ಹೇಳಿದೆ.

ನಾವು ಬಂದಾಗ ಸೀಟು ಹೊರಗಿತ್ತು. ರಬ್ಬರ್ ಕಾಗದದಷ್ಟು ತೆಳ್ಳಗಾಗಿತ್ತು. ಬೋಲ್ಟಿನ ಮೇಲೆ ನೀಲಿ ಬೊಟ್ಟು. ಅಪ್ಪ ತಮ್ಮನಿಗೆ ಹಿಂದೆಮುಂದೆ ನೋಡದೆ ಬೈದರು. ಅಪ್ಪ ಶೆಡ್ಡಿನ ಬೀಗದ ಕೈ ತೆಗೆದು ನನ್ನ ಕೈಗಿಟ್ಟು, ಇನ್ನು ಮುಂದೆ ನೀನೇ ನೋಡಿಕೋ ಎಂದರು.

ನಾನು ಗತ್ತಿನಿಂದ ಬಗ್ಗಿ ಬೋಲ್ಟ್ ಮುಟ್ಟಿದೆ. ನೀಲಿ ಬೆರಳಿಗೆ ಮೆತ್ತಿಕೊಂಡಿತು, ಇನ್ನೂ ಹಸಿ. ಅದರ ಕೆಳಗೆ ಹಳದಿ.

ನಾಲ್ಕು ವರ್ಷದ ಹಿಂದೆ, ತಮ್ಮನಿಗಿಂತ ನನಗೇನು ಬಲ ಕಡಿಮೆಯೇ ಎಂದು ಸ್ಪ್ಯಾನರಿಗೆ ಪೈಪು ತೊಡಿಸಿ ಇದೇ ಬೋಲ್ಟನ್ನು ಜಗ್ಗಿ ಬಿಗಿದವಳು ನಾನೇ.

ತಮ್ಮ ಕಣ್ಣಲ್ಲೇ ಸುಮ್ಮನಿರು ಎಂದ. ಆಗ ನನಗೆ ಹಿಂದೆಂದೂ ಇಲ್ಲದಷ್ಟು ಹೊಟ್ಟೆ ಉರಿಯಿತು. ಕೆಲಸದಲ್ಲಿ ಇವನೇ ಮುಂದೆ, ಹೋಗಲಿ. ದೊಡ್ಡತನವೂ ಇವನಿಗೇ ಸಿಗಬೇಕೇ? ದಿನಾ ಬೆಳಗ್ಗೆ ಬೀಗ ತೆಗೆಯುವಾಗಲೆಲ್ಲ ಇವನ ಮುಖ ನೆನೆಯಬೇಕೇ? ಅದು ನನ್ನಿಂದಾಗದ ಮಾತು.

"ಅಪ್ಪಾ, ಇದು ನಾನು ಬಿಗಿದಿದ್ದು," ಎಂದು ನೀಲಿ ಬೆರಳು ತೋರಿಸಿ, ಬೀಗದ ಕೈಯನ್ನು ತಮ್ಮನ ಜೇಬಿಗೆ ತುರುಕಿದೆ.