ಮೂರನೆಯ ಹೆಜ್ಜೆ ಗಿಡ್ಡ

ನಮ್ಮ ಅಡುಗೆಮನೆಯಲ್ಲಿ ನನ್ನ ಗಂಡ ಸ್ವೈನುಂಗ್ ಕೂರುತ್ತಿದ್ದ ಕುರ್ಚಿಯ ಮುಂದೆ ನೆಲದ ಹಲಗೆ ತಗ್ಗಾಗಿದೆ. ನಲವತ್ತೊಂದು ವರ್ಷ ಅವನ ಎಡಗಾಲು ಕುಟ್ಟಿದ ಜಾಗ ಅದು. ಪಿಟೀಲು ಕೈಯಲ್ಲಿರಲಿ ಬಿಡಲಿ, ಉಣ್ಣುವಾಗ, ಪೇಪರ್ ಓದುವಾಗ, ಚರ್ಚಿನಲ್ಲಿ ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುವಾಗಲೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಚಳಿಗಾಲದಲ್ಲಿ ಅವನು ಊರಿನ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದ. ಗಾಡಿಯ ಕ್ಲಚ್ಚು ಎರಡು ವರ್ಷಕ್ಕೊಮ್ಮೆ ಹೋಗುತ್ತಿತ್ತು. ನಾನು ಬೈದರೆ, "ಕಾಲು ನಂದಲ್ಲ, ಕಣಿವೇದು" ಅನ್ನುತ್ತಿದ್ದ.

ನಾರ್ವೆಯ ತೆಲೆಮಾರ್ಕ್ ಸೀಮೆಯ ಕಣಿವೆ ನಮ್ಮದು. ಇಲ್ಲಿಯ ಕುಣಿತಕ್ಕೆ ಮೂರು ಹೆಜ್ಜೆ. ಮೊದಲನೆಯದು ಉದ್ದ, ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಗಿಡ್ಡ. ಹೊರಗಿನವರಿಗೆ ಕುಂಟಿದ ಹಾಗೆ ಕೇಳಿಸುತ್ತದೆ. ಸ್ವೈನುಂಗ್ ನಡೆಯುತ್ತಿದ್ದುದೂ ಹಾಗೆಯೇ. ಕರಾವಳಿಯವಳಾದ ನನ್ನ ಅಮ್ಮ ಮದುವೆಗೆ ಮುಂಚೆ ನನ್ನನ್ನು ಗುಟ್ಟಾಗಿ ಕೇಳಿದ್ದಳು: "ಹುಡುಗನ ಕಾಲಲ್ಲಿ ಏನಾದ್ರೂ ಐಬಿದೆಯೇನೇ?"

ಅವನಿಗೆ ಒಂದು ಜಂಬ, ಒಂದು ನಾಚಿಕೆ. ಜಂಬ ಪಿಟೀಲಿನದು, ನಾಚಿಕೆ ಗಂಟಲಿನದು. ಶಾಲೆಯಲ್ಲಿ ಮಾಸ್ತರು "ನೀನು ಬಾಯಿ ಮಾತ್ರ ಆಡಿಸಪ್ಪ" ಅಂದಿದ್ದರಂತೆ. ಅಂದಿನಿಂದ ಹುಟ್ಟುಹಬ್ಬದ ಹಾಡಿಗೂ ಅವನು ತುಟಿಯಷ್ಟೇ ಆಡಿಸುತ್ತಿದ್ದ. ನಮ್ಮ ಮಗಳ ತೊಟ್ಟಿಲ ಪಕ್ಕದಲ್ಲೂ ಪಿಟೀಲೇ.

ಅವನ ತಮ್ಮನ ಮಗಳು ಸುನ್ನಿವಾ ಒಂದು ಹಾಡು ಕಟ್ಟಿದಳು. ಯೂರೋಪಿನ ದೇಶಗಳೆಲ್ಲ ಟಿ.ವಿ.ಯಲ್ಲಿ ಪೈಪೋಟಿ ನಡೆಸುವ ಆ ಹಾಡಿನ ಸ್ಪರ್ಧೆಗೆ, ಆ ವರ್ಷ ನಾರ್ವೆಯ ಹಾಡಾಗಿ ಅದೇ ಆಯ್ಕೆಯಾಯಿತು. ನಡುವೆ ಇಪ್ಪತ್ತು ಸೆಕೆಂಡು ದೊಡ್ಡಪ್ಪನ ಪಿಟೀಲು. ಅಲ್ಲಿಯ ನಿಯಮದಂತೆ ವೇದಿಕೆಯ ಮೇಲೆ ನಿಜವಾಗಿ ಕೇಳಿಸುವುದು ಹಾಡುವವರ ದನಿ ಮಾತ್ರ. ವಾದ್ಯವೆಲ್ಲ ಮೊದಲೇ ಮುದ್ರಿಸಿದ್ದು. ಕೈಯಲ್ಲಿ ಹಿಡಿದವರು ನಟಿಸಬೇಕು. ಅದನ್ನು ಅವನು ಹೇಗೋ ನುಂಗಿಕೊಂಡ.

ಧ್ವನಿಮುದ್ರಣವನ್ನು ಸ್ಪರ್ಧೆಗೆ ಕಳಿಸಲು ಎರಡು ದಿನ ಉಳಿದಿರುವಾಗ, ಹೊಸದಾಗಿ ತಿದ್ದಿದ ಹಾಡನ್ನು ಕೇಳಿಸಲು ಓಸ್ಲೋದ ಸ್ಟುಡಿಯೋಗೆ ಕರೆದರು. ನಾನೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಪಿಟೀಲಿನ ಜಾಗ ಬಂತು. ಸ್ವೈನುಂಗನ ಕಾಲು ಎದ್ದಿತು, ಎದ್ದಲ್ಲೇ ನಿಂತಿತು.

"ಇದ್ಯಾರು ಬಾರಿಸಿದ್ದು?" ಅಂದ.

"ನೀನೇ," ಅಂದ ಪ್ರೇಬೆನ್, ಹಾಡನ್ನು ತಿದ್ದಿದ ಓಸ್ಲೋದವನು. "ಹೆಜ್ಜೆ ಏರುಪೇರಾಗಿತ್ತು, ಕಂಪ್ಯೂಟರಲ್ಲಿ ಸಮ ಮಾಡಿದೀನಿ."

"ಏರುಪೇರಲ್ಲಪ್ಪ ಅದು. ಅದೇ ಕುಣಿತ."

"ಕೋಟಿಗಟ್ಟಲೆ ಜನ ಚಪ್ಪಾಳೆ ಹೊಡೀಬೇಕು ಸ್ವೈನುಂಗ್. ನಿನ್ನ ಕಣಿವೇಲಿ ಎಷ್ಟು ಜನ ಇದಾರೆ?"

"ಆರುನೂರು. ಅಷ್ಟೂ ಜನ ನನ್ನ ಬೆರಳೇ ನೋಡ್ತಿರ್ತಾರೆ."

ಸುನ್ನಿವಾಳ ಕಣ್ಣು ತುಂಬಿತ್ತು. "ಮತ್ತೆ ಬಾರ್ಸು ದೊಡ್ಡಪ್ಪ. ಒಂದು ಗಂಟೆ ಕೆಲಸ."

"ಬಾರಿಸ್ತೀನಿ. ನಾನು ಬಸ್ಸು ಹತ್ತಿದ ಮೇಲೆ ಮತ್ತೆ ಇಸ್ತ್ರಿ ಹೊಡೀತಾರೆ."

"ಹಾಗಾದ್ರೆ ನೀನು ಬರಲ್ವಾ? ನೀನಿಲ್ದೆ ನಾನೂ ಹೋಗಲ್ಲ."

ಅವಳು ಹೇಳಿದ್ದನ್ನು ಮಾಡುವವಳೇ. ಅದು ಅವನಿಗೂ ಗೊತ್ತಿತ್ತು. ಬಹಳ ಹೊತ್ತು ಕೋಟಿನ ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ ಪ್ರೇಬೆನ್‌ನನ್ನು ಕೇಳಿದ: "ನಿನ್ನ ಯಂತ್ರದ ಕೈಗೆ ಸಿಗದೇ ಇರೋದು ಯಾವುದು?"

"ದನಿ ಒಂದೇ. ಅದನ್ನ ಅಲ್ಲೇ ನಿಂತು ಹಾಡಬೇಕು."

ನಮ್ಮಲ್ಲಿ ಹಿಂದೆ ಪಿಟೀಲಿಲ್ಲದ ಮನೆಯಲ್ಲೂ ಕುಣಿತ ನಿಲ್ಲುತ್ತಿರಲಿಲ್ಲ. ಯಾರಾದರೊಬ್ಬರು ಆ ರಾಗವನ್ನು ಅರ್ಥವಿಲ್ಲದ ಅಕ್ಷರ ಹಿಡಿದು ಬಾಯಲ್ಲೇ ಹೇಳುತ್ತಿದ್ದರು. ಸ್ವೈನುಂಗ್ ಎದ್ದು, ಗೋಡೆಗೆ ಮುಖ ಮಾಡಿ, ತನ್ನ ಒಡಕು ಗಂಟಲಿನಲ್ಲಿ ಅದನ್ನು ಶುರುಮಾಡಿದ. ಅಷ್ಟು ವರ್ಷದ ಸಂಸಾರದಲ್ಲಿ ಅವನ ದನಿಯಲ್ಲಿ ಹಾಡು ಕೇಳಿದ್ದು ಅದೇ ಮೊದಲು.

"ತಗಡು ಎಳೆದ ಹಾಗಿದೆ," ಅಂದೆ.

"ಗೊತ್ತು ಕಣೇ. ಹೆಜ್ಜೆ ಸರಿ ಬಂತಾ?"

"ಬಂತು."

"ಹಾಗಾದ್ರೆ ಬರ್ತೀನಿ ಅಂತ ಹೇಳು ಅವಳಿಗೆ," ಅಂದ, ಗೋಡೆಯಿಂದ ಮುಖ ತಿರುಗಿಸದೆ.

ಮೇ ತಿಂಗಳಲ್ಲಿ ಸ್ಪರ್ಧೆ ನಡೆದ ಶನಿವಾರ ಊರಿನವರೆಲ್ಲ ಸಭಾಭವನದಲ್ಲಿ ದೊಡ್ಡ ಪರದೆ ಕಟ್ಟಿ, ವಾಫಲ್, ಕಾಫಿ ಇಟ್ಟುಕೊಂಡು ಕೂತಿದ್ದೆವು. ಕಾಲಿನ ಸದ್ದು ಮೈಕಿಗೆ ಬೀಳಬಾರದೆಂದು ಸ್ಪರ್ಧೆಯವರು ಅವನ ಬೂಟು ಬಿಚ್ಚಿಸಿದ್ದರು. ಪರದೆಯ ಮೇಲೆ ಅವನು, ನಾನು ಹೆಣೆದ ಬೂದು ಕಾಲುಚೀಲದಲ್ಲಿ, ಪಿಟೀಲನ್ನು ಕಂಕುಳಲ್ಲಿ ಸುಮ್ಮನೆ ಹಿಡಿದು ನಿಂತಿದ್ದ. ಪಿಟೀಲಿನ ಜಾಗ ಬಂದಾಗ ವಾದ್ಯಗಳೆಲ್ಲ ನಿಂತವು. ಅವನು ಬಾಯಿ ತೆರೆದ.

"ಅಯ್ಯೋ ದೇವರೇ, ಇವನಿಗೆ ಹಾಡು ಅಂದವರ್ಯಾರು?" ಅಂದಳು ಪಕ್ಕದ ಮನೆಯ ಗೂರೋ, ಎಂಬತ್ತೆರಡರ ಮುದುಕಿ. ಎಲ್ಲರೂ ನಕ್ಕರು. ನಾನು ಕಾಫಿ ಬಟ್ಟಲನ್ನೇ ನೋಡುತ್ತ ಕೂತೆ. ಆದರೆ ನಗು ಮುಗಿಯುವ ಮೊದಲೇ ಗೂರೋ ಊರುಗೋಲನ್ನು ಮೇಜಿಗೆ ಒರಗಿಸಿ ಎದ್ದಿದ್ದಳು. ಎದುರಿಗಿದ್ದ ಅಂಚೆಯವನ ಕೈ ಎಳೆದು, "ಏಳೋ ಸೋಮಾರಿ, ಕಾಲು ತಡೀತಿಲ್ಲ" ಅಂದಳು. ಇನ್ನೊಂದು ಜೋಡಿ ಎದ್ದಿತು. ಆಮೇಲೆ ಹತ್ತು ಹನ್ನೆರಡು. ಇಪ್ಪತ್ತು ಸೆಕೆಂಡಿನಲ್ಲಿ ಎಷ್ಟು ಕುಣಿಯಬಹುದೋ ಅಷ್ಟು ಕುಣಿದರು. ಯಾರ ಹೆಜ್ಜೆಯೂ ತಪ್ಪಲಿಲ್ಲ.

ಹದಿನೇಳನೆಯ ಸ್ಥಾನ ಬಂತು. "ಹಾಡಿನ ನಡುವೆ ಒಬ್ಬ ಮುದುಕ ಕೆಮ್ಮಿದ" ಎಂದು ಒಂದು ಪತ್ರಿಕೆ ಬರೆಯಿತು. ಸ್ವೈನುಂಗ್ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ. ಸಭಾಭವನದಲ್ಲಿ ಜನ ಎದ್ದು ಕುಣಿದ ಸುದ್ದಿ ಯಾರಾದರೂ ಎತ್ತಿದರೆ ಮಾತ್ರ ಕಿವಿಯವರೆಗೆ ಕೆಂಪಾಗಿ, ತಲೆ ತಗ್ಗಿಸಿ, "ಇನ್ನೊಂದ್ಸಲ ಹೇಳು" ಅನ್ನುತ್ತಿದ್ದ.

ಹೋದ ನವೆಂಬರಿನಲ್ಲಿ ತೀರಿಕೊಂಡ. ಮನೆ ಸದ್ದಿಲ್ಲದಾಗಿದೆ, ಅದರ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮಲ್ಲಿ ಬಾರಿಸುವವರು, ರಾಗ ತಮಗೆ ಯಾರಿಂದ ಬಂತೋ ಅವರ ಹೆಸರು ಮೊದಲು ಹೇಳುತ್ತಾರೆ. ಈಗ ಸುನ್ನಿವಾ ಎಲ್ಲೇ ಹಾಡಲಿ, "ಇದು ಸ್ವೈನುಂಗನಿಂದ ಬಂದದ್ದು" ಎಂದೇ ಶುರುಮಾಡುತ್ತಾಳೆ. ಇಂಥವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಅವರನ್ನು ಕಟ್ಟಿಕೊಂಡು ಬಾಳುವುದು ಸುಲಭವಲ್ಲ. ಲೋಕ ಮೆಚ್ಚಲಿ ಎಂದು ಕೂದಲೆಳೆಯಷ್ಟೂ ಬಾಗುವುದಿಲ್ಲ. ಹಿಂದಿನವರು ನಂಬಿ ಕೊಟ್ಟದ್ದು ಕೆಡುತ್ತದೆ ಎಂದರೆ ಮಾತ್ರ, ಜನ್ಮವೆಲ್ಲ ಬಚ್ಚಿಟ್ಟ ನಾಚಿಕೆಯನ್ನು ಆ ಲೋಕದ ಮುಂದೆಯೇ ಬಿಚ್ಚಿಟ್ಟು ಮನೆಗೆ ಬರುತ್ತಾರೆ.